ಡಿಶ್ ಕೇಬಲ್ ಒಳಗೆ ಬರಲಿ, ಗಾಳಿ ಬರೋದು ಬೇಡ

ಗಾಳಿ ನುಸುಳದ ಹಾಗೆ ಮನೆ ಕಟ್ಟೋದು ಸಣ್ಣ ಕೆಲಸ ಅಲ್ಲ. ಕಿಟಕಿ ಸುತ್ತ ಟೇಪ್, ಗೋಡೆ ಚಾವಣಿಗೆ ಸೇರುವಲ್ಲಿ ಟೇಪ್, ಒಂದೊಂದು ಪೈಪಿಗೂ ಗ್ಯಾಸ್ಕೆಟ್. ಇಷ್ಟೆಲ್ಲ ಮುಗಿದ ಮೇಲೆ ಒಂದು ದಿನ ಡಿಶ್ ಕೂರಿಸುವವರು ಬರುತ್ತಾರೆ, ಟಿವಿ ಎಲ್ಲಿಡ್ತೀರಿ ಅಂತ ಕೇಳುತ್ತಾರೆ, ಅದರ ಹಿಂದಿನ ಗೋಡೆಗೇ ಡ್ರಿಲ್ ಇಟ್ಟು ತೂತು ಕೊರೆದು, ಹೊರಗಡೆ ಒಂದಿಷ್ಟು ಸಿಲಿಕೋನ್ ಮೆತ್ತಿ ಹೊರಟುಬಿಡುತ್ತಾರೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಚಾನೆಲ್‌ಗಳೆಲ್ಲ ಚೆನ್ನಾಗಿ ಬರುತ್ತಿದ್ದವು, ಹಾಗಾಗಿ ಯಾರೂ ಆ ಕಡೆ ನೋಡಲಿಲ್ಲ. ಕೆಲವು ತಿಂಗಳ ಮೇಲೆ ಟಿವಿ ಹಿಂದಿನ ಸಾಕೆಟ್ ಪ್ಲೇಟಿನ ಒಂದು ಅಂಚಿನಲ್ಲಿ ಬೂದು ಗೆರೆ ಕಾಣಿಸಿತು. ಒರೆಸಿದೆ. ಮತ್ತೆ ಬಂತು. ಪ್ಲೇಟ್ ಬಿಚ್ಚಿ ಒದ್ದೆ ಬೆರಳು ಹಿಡಿದರೆ ತಣ್ಣಗೆ ಗಾಳಿ ತಾಗುತ್ತಿತ್ತು. ಒಳಗೆ ನೋಡಿದರೆ 20 ಮಿ.ಮೀ. ತೂತು, ಅದರೊಳಗೆ 7 ಮಿ.ಮೀ. ಕೇಬಲ್ ಸಡಿಲವಾಗಿ ಬಿದ್ದುಕೊಂಡಿದೆ, ಹೊರಗಿನ ಸಿಲಿಕೋನ್ ಒಂದು ಪಕ್ಕ ಗೋಡೆಯಿಂದ ಬಿಟ್ಟುಕೊಂಡಿದೆ. ಆ ಬೂದು ಗೆರೆ ಗಾಳಿ ಜೊತೆ ಬಂದು ಕೂತ ಧೂಳು.

ಆವತ್ತು ಅರ್ಥವಾದದ್ದು ಇದು: ಒಂದೇ ತೂತಿಗೆ ಎರಡು ಬೇರೆ ಬೇರೆ ಮುಚ್ಚಿಗೆ ಬೇಕು. ಹೊರಗಿನದು ಮಳೆಗೆ, ಒಳಗಿನದು ಗಾಳಿಗೆ. ಡಿಶ್ ಹಾಕುವವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಮಾಡುತ್ತಾರೆ. ಎರಡನೆಯದು ನಮ್ಮ ಜವಾಬ್ದಾರಿ.

ಮೊದಲು ನಿಮ್ಮ ಮನೆಯಲ್ಲಿ ಗಾಳಿ ತಡೆಯುವ ಪದರ ಯಾವುದು ಅಂತ ತಿಳಿದುಕೊಳ್ಳಿ. ಇಟ್ಟಿಗೆ ಗೋಡೆಯಲ್ಲಿ ಅದು ಸಾಮಾನ್ಯವಾಗಿ ಒಳಗಿನ ಗಾರೆ, ಅಂದರೆ ಪ್ಲಾಸ್ಟರ್. ಮರದ ಚೌಕಟ್ಟಿನ ಮನೆಯಲ್ಲಿ ಹೆಚ್ಚಾಗಿ ಒಳಗಿನ ಶೀಟ್, ಇಲ್ಲವೇ ಸಂದುಗಳಿಗೆ ಟೇಪ್ ಹಾಕಿದ ಬೋರ್ಡು. ಕೇಬಲ್ ಆ ಪದರವನ್ನು ಎಲ್ಲಿ ದಾಟುತ್ತೋ ಅಲ್ಲೇ ಮುಚ್ಚಬೇಕು. ಸಾಕೆಟ್ ಪ್ಲೇಟಿನ ಸುತ್ತ ಸುಮ್ನೆ ಸೀಲೆಂಟ್ ಹಚ್ಚಿದರೆ ಗೆರೆ ಕಾಣದ ಹಾಗೆ ಆಗಬಹುದು, ಆದರೆ ಗಾಳಿ ಗೋಡೆಯೊಳಗೇ ಬೇರೆ ದಾರಿ ಹುಡುಕಿಕೊಂಡು ಪಕ್ಕದ ಸ್ವಿಚ್ ಬೋರ್ಡಿನಿಂದ ಬರುತ್ತೆ. ಕರೆಂಟ್ ಖರ್ಚು ಮಾತ್ರ ಅಲ್ಲ ಇಲ್ಲಿನ ತೊಂದರೆ. ಚಳಿಯಲ್ಲಿ ಮನೆಯೊಳಗಿನ ಬೆಚ್ಚನೆಯ ಹಸಿ ಗಾಳಿ ಆ ತೂತಿನಿಂದ ಗೋಡೆಯ ತಣ್ಣನೆಯ ಭಾಗಕ್ಕೆ ಹೋದರೆ ಅಲ್ಲಿ ನೀರಾಗಿ ಕೂರುತ್ತೆ. ಮರ ಇದ್ದರೆ ಕೊಳೆಯುತ್ತೆ. ಸೆಕೆಯ ಊರಲ್ಲಿ ಎಸಿ ಹಾಕಿದ ಮನೆಗೆ ಇದೇ ಕಥೆ ಉಲ್ಟಾ, ಹಸಿ ಗಾಳಿ ಹೊರಗಿನಿಂದ ಬರುತ್ತೆ.

ಇನ್ನು ಡಿಶ್ ಎಲ್ಲಿ? ಅದಕ್ಕೆ ಬೇಕಿರೋದು ಉಪಗ್ರಹದ ದಿಕ್ಕಿಗೆ ಅಡ್ಡಿಯಿಲ್ಲದ ಆಕಾಶ, ಅಷ್ಟೇ. ಗೋಡೆಗೇ ಕೂರಿಸಬೇಕು ಅಂತ ಏನೂ ಇಲ್ಲ. ನೆಲದಲ್ಲಿ ಗಟ್ಟಿಯಾಗಿ ಕಾಂಕ್ರೀಟ್ ಹಾಕಿ ನಿಲ್ಲಿಸಿದ ಕಂಬ ನನಗೆ ಜಾಸ್ತಿ ಇಷ್ಟ. ಹೊರಗಡೆ ದಪ್ಪ ಇನ್ಸುಲೇಷನ್ ಇರುವ ಗೋಡೆಗಂತೂ ಉದ್ದುದ್ದ ಬೋಲ್ಟ್ ಹೊಡೆಯೋದು ಬೇಡವೇ ಬೇಡ, ಆ ಲೋಹದ ಮೂಲಕ ಬಿಸಿ-ಚಳಿ ಸಲೀಸಾಗಿ ಹಾದುಹೋಗುತ್ತೆ. ಅರ್ತಿಂಗ್ ವಯರನ್ನೂ ಹೊರಗಡೆಯಿಂದಲೇ ಭೂಮಿಗೆ ಇಳಿಸಲು ಆಗುತ್ತಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಅದಕ್ಕೊಂದು, ಇದಕ್ಕೊಂದು ಅಂತ ತೂತು ಹೆಚ್ಚಿಸಬೇಡಿ.

ಕೇಬಲ್ ಎಷ್ಟು ಅನ್ನೋದೂ ಇಲ್ಲೇ ತೀರ್ಮಾನ ಆಗಬೇಕು. ಡಿಶ್ ಮುಂದೆ ಇರುವ, ಸಿಗ್ನಲ್ ಹಿಡಿಯುವ ಭಾಗಕ್ಕೆ ಎಲ್‌ಎನ್‌ಬಿ ಅಂತಾರೆ. ನಾಲ್ಕು ಔಟ್‌ಪುಟ್ ಇರುವ ಎಲ್‌ಎನ್‌ಬಿ ಹಾಕಿಸಿದರೆ ನಾಲ್ಕು ಕೇಬಲ್ ಒಳಗೆ ಬರುತ್ತವೆ. ಯೂನಿಕೇಬಲ್ ತರಹದ ಎಲ್‌ಎನ್‌ಬಿಯಲ್ಲಿ ಒಂದೇ ಕೇಬಲ್‌ನಿಂದ ಹಲವು ಸೆಟ್-ಟಾಪ್ ಬಾಕ್ಸ್‌ಗಳು ನಡೆಯುತ್ತವೆ, ಬಾಕ್ಸ್ ಅದಕ್ಕೆ ಹೊಂದಬೇಕು ಅಷ್ಟೇ. ಆಪ್ಟಿಕಲ್ ಎಲ್‌ಎನ್‌ಬಿಯೂ ಇದೆ, ತೆಳ್ಳನೆಯ ಒಂದು ಫೈಬರ್ ಎಳೆಯಲ್ಲೇ ಎಲ್ಲ ಸಿಗ್ನಲ್ ಬರುತ್ತೆ. ಮನೆಗೆ ಮೊದಲೇ ಇಂಟರ್ನೆಟ್ ಕೇಬಲ್‌ಗೆ ಅಂತ ಹಾಕಿದ ಪೈಪ್ ಇದ್ದು, ಅದರಲ್ಲಿ ಜಾಗ ಇದ್ದರೆ ಡ್ರಿಲ್ ಮುಟ್ಟೋದೇ ಬೇಡ ಅಲ್ವಾ?

ಕೊರೆಯಲೇಬೇಕು ಅಂದರೆ ತೂತು ಸಣ್ಣದಿರಲಿ. ಡಿಶ್‌ಗೆ ಬಳಸುವ ಸಾಮಾನ್ಯ ಆರ್‌ಜಿ6 ಕೇಬಲ್ ಸುಮಾರು 7 ಮಿ.ಮೀ. ದಪ್ಪ, 8 ಮಿ.ಮೀ. ಬಿಟ್ ಸಾಕು. ಜನ ದೊಡ್ಡ ತೂತು ಕೊರೆಯೋದು ಯಾಕೆ ಅಂದರೆ ಕೇಬಲ್ ತುದಿಗೆ ಎಫ್ ಕನೆಕ್ಟರ್, ಅಂದರೆ ಬಾಕ್ಸ್‌ಗೆ ತಿರುಗಿಸಿ ಕೂರಿಸುವ ಲೋಹದ ತುದಿ, ಮೊದಲೇ ಹಾಕಿರುತ್ತಾರೆ, ಅದು ಸುಮಾರು 11 ಮಿ.ಮೀ. ಇರುತ್ತೆ. ಬರೀ ಕೇಬಲ್ ತೂರಿಸಿ, ಕನೆಕ್ಟರ್ ಆಮೇಲೆ ಹಾಕಿಸಿ. ಲೆಕ್ಕ ಹಾಕಿ ನೋಡಿ: 8 ಮಿ.ಮೀ. ತೂತಿನಲ್ಲಿ ಕೇಬಲ್ ಸುತ್ತ ಉಳಿಯುವ ಜಾಗ ಸುಮಾರು 12 ಚದರ ಮಿ.ಮೀ. ನಮ್ಮ ಮನೆಯ 20 ಮಿ.ಮೀ. ತೂತಿನಲ್ಲಿ ಸುಮಾರು 276. ಅಂದರೆ 20 ಪಟ್ಟಿಗಿಂತ ಜಾಸ್ತಿ!

ಗೋಡೆಯೊಳಗೆ ವಯರ್, ನೀರಿನ ಪೈಪ್ ಇಲ್ಲ ಅಂತ ಖಚಿತ ಮಾಡಿಕೊಂಡು ಒಳಗಿನಿಂದ ಹೊರಕ್ಕೆ ಕೊರೆಯಿರಿ. ಡ್ರಿಲ್ ಹೊರಮುಖವಾಗಿ ಸ್ವಲ್ಪ ಕೆಳಕ್ಕೆ ವಾಲಿರಲಿ, ಆಗ ನೀರು ಒಳಗೆ ಹರಿಯಲ್ಲ. ಹಾಲೋ ಬ್ಲಾಕ್ ಗೋಡೆಯಾದರೆ ಇನ್ನೊಂದು ಮಾತು. ಬ್ಲಾಕಿನ ಪೊಳ್ಳಿನಲ್ಲಿ ಗಾಳಿ ಓಡಾಡುತ್ತೆ, ಹಾಗಾಗಿ ಈ ತುದಿಯಿಂದ ಆ ತುದಿಗೆ ಒಂದು ಪ್ಲಾಸ್ಟಿಕ್ ಪೈಪ್ ತೂರಿಸಿ, ಅದರೊಳಗೆ ಕೇಬಲ್ ಬಿಡಿ. ಇಲ್ಲಿ ತೂತು ಆ ಪೈಪಿನ ಅಳತೆಗೆ ಇರಬೇಕಾಗುತ್ತೆ. ಪೈಪ್ ಹಾಕಿದಾಗ ಎರಡು ಸಂದು ಇರುತ್ತವೆ, ಗೋಡೆ-ಪೈಪಿನ ನಡುವೆ ಒಂದು, ಪೈಪ್-ಕೇಬಲ್ ನಡುವೆ ಇನ್ನೊಂದು. ಎರಡನೆಯದನ್ನೇ ಎಲ್ಲರೂ ಮರೆಯೋದು.

ಒಳಗಿನ ಮುಚ್ಚಿಗೆಗೆ ನಾನು ನಂಬೋದು ಗ್ರೊಮೆಟ್, ಅಂದರೆ ಇಪಿಡಿಎಂ ಅನ್ನುವ ರಬ್ಬರಿನ ಬಿಲ್ಲೆ. ನಡುವೆ ಕೇಬಲ್‌ಗಿಂತ ಸಣ್ಣ ತೂತು, ಸುತ್ತ ಅಂಟಿನ ಪಟ್ಟಿ. ಕೇಬಲ್ ಒಳಗೆ ತಂದ ಮೇಲೆ, ಕನೆಕ್ಟರ್ ಹಾಕುವ ಮೊದಲು, ಗ್ರೊಮೆಟ್ ಏರಿಸಬೇಕು. ಈ ಕ್ರಮ ತಪ್ಪಿದರೆ ಕನೆಕ್ಟರ್ ಕತ್ತರಿಸಿ ಮತ್ತೆ ಶುರು ಮಾಡಬೇಕಾಗುತ್ತೆ. ಗಾರೆ ಮೇಲೆ ಧೂಳಿದ್ದರೆ ಅಂಟು ಹಿಡಿಯಲ್ಲ: ಬ್ರಶ್‌ನಿಂದ ಒರೆಸಿ, ಪ್ರೈಮರ್ ಹಚ್ಚಿ, ಒಣಗಲು ಬಿಟ್ಟು ಆಮೇಲೆ ಅಂಟಿಸಿ, ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತಾ ಹೋಗಿ. ಕೇಬಲ್ ಗ್ರೊಮೆಟ್‌ನಿಂದ ನೆಟ್ಟಗೆ ಹೊರಬರಲಿ. ಅಲ್ಲೇ ಬಗ್ಗಿಸಿದರೆ ರಬ್ಬರಿನ ತೂತು ಮೊಟ್ಟೆಯಾಕಾರಕ್ಕೆ ಎಳೆದುಕೊಂಡು ಒಂದು ಪಕ್ಕ ಸಂದು ಬಿಡುತ್ತೆ. ಅದನ್ನು ದಾಟಿದ ಮೇಲೆ ತಿರುಗಿಸಿ, ಅದೂ 7 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬೇಡ, ಸಿಗ್ನಲ್‌ಗೆ ಪೆಟ್ಟು.

ಡಬ್ಬಿಯಿಂದ ಚಿಮ್ಮಿಸಿದರೆ ಉಬ್ಬಿ ಗಟ್ಟಿಯಾಗುವ ಪಿಯು ಫೋಮ್ ತುಂಬಿಸಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಮನೆ ಅಲುಗಿದಂತೆ ಫೋಮ್ ಬಿರುಕು ಬಿಡುತ್ತೆ, ಗೋಡೆಯಿಂದ ಬಿಟ್ಟುಕೊಳ್ಳುತ್ತೆ. ಸಿಲಿಕೋನ್ ಕೂಡ ಪಾಲಿಥಿನ್ ಶೀಟಿಗೆ, ಪಾಲಿಥಿನ್ ಹೊದಿಕೆಯ ಕೇಬಲ್‌ಗೆ ಸರಿಯಾಗಿ ಅಂಟಲ್ಲ. ಮೂರ್ನಾಲ್ಕು ಕೇಬಲ್ ಒಟ್ಟಿಗೆ ಕಟ್ಟಿ ಸುತ್ತ ಟೇಪ್ ಸುತ್ತೋದೂ ಬೇಡ, ಕಟ್ಟಿನ ನಡುವಿನ ಸಂದಿಗೆ ಟೇಪ್ ತಲುಪಲ್ಲ. ಒಂದೊಂದಕ್ಕೂ ಒಂದು ತೂತು, ಇಲ್ಲವೇ ಹಲವು ತೂತುಗಳಿರುವ ಗ್ರೊಮೆಟ್. ಕಿಟಕಿ ಸಂದಿನಲ್ಲಿ ತೂರಿಸುವ ಚಪ್ಪಟೆ ಕೇಬಲ್ ಅಂತೂ ಕಿಟಕಿಯ ರಬ್ಬರನ್ನೇ ಪೂರ್ತಿ ಮುಚ್ಚಲು ಬಿಡಲ್ಲ.

ಹೊರಗಡೆ ಕೇಬಲ್ ತೂತಿಗೆ ಬರುವ ಮೊದಲು ಕೆಳಕ್ಕೆ ಒಂದು ಬಳುಕು ಕೊಡಿ. ಮಳೆನೀರು ಆ ತಗ್ಗಿನಿಂದ ತೊಟ್ಟಿಕ್ಕುತ್ತೆ, ತೂತಿನ ಕಡೆ ಹೋಗಲ್ಲ. ಆಮೇಲೆ ಬಿಸಿಲು ತಡೆಯುವ ಸೀಲೆಂಟ್ ಹಚ್ಚಿ.

ಪ್ಲೇಟ್ ಮುಚ್ಚುವ ಮೊದಲು ಪರೀಕ್ಷೆ ಮಾಡಿ. ಕಿಟಕಿ ಬಾಗಿಲು ಹಾಕಿ, ಎಕ್ಸಾಸ್ಟ್ ಫ್ಯಾನ್‌ಗಳನ್ನೆಲ್ಲ ಓಡಿಸಿ. ಮನೆಯಲ್ಲಿ ಸೌದೆ ಅಥವಾ ಗ್ಯಾಸ್ ಉರಿಯುತ್ತಿದ್ದರೆ ಆರಿಸಿ, ಇಲ್ಲದಿದ್ದರೆ ಹೊಗೆ ವಾಪಸ್ ಒಳಗೆ ಬರುತ್ತೆ. ಗ್ರೊಮೆಟ್ ಹತ್ತಿರ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಸರಿಯಿದೆ. ಪಕ್ಕಕ್ಕೆ ಬಾಗಿದರೆ ಎಲ್ಲೋ ಸಂದಿದೆ, ಬತ್ತಿಯನ್ನು ನಿಧಾನಕ್ಕೆ ಸುತ್ತಲೂ ಆಡಿಸಿದರೆ ಜಾಗ ಸಿಗುತ್ತೆ. ಹೊಸ ಮನೆಗೆ 50 ಪಾಸ್ಕಲ್ ಒತ್ತಡದ ಬ್ಲೋವರ್ ಡೋರ್ ಪರೀಕ್ಷೆ (ಬಾಗಿಲಿಗೆ ಫ್ಯಾನ್ ಕೂರಿಸಿ ಗಾಳಿ ಎಷ್ಟು ಸೋರುತ್ತೆ ಅಂತ ಅಳೆಯೋದು) ಮಾಡಿಸುವವರು ಡಿಶ್ ಕೇಬಲ್ ಅದಕ್ಕೂ ಮೊದಲೇ ಎಳೆಸಿಬಿಡಿ. ಬಿಸಿ-ತಂಪಿಗೆ ತೀರಾ ಕಡಿಮೆ ಇಂಧನ ಸಾಕಾಗುವ ಪ್ಯಾಸಿವ್ ಹೌಸ್ ಮಾದರಿಯ ಮನೆಗೆ ಆ ಒತ್ತಡದಲ್ಲಿ ಗಂಟೆಗೆ 0.6 ಸಲಕ್ಕಿಂತ ಹೆಚ್ಚು ಮನೆಯೊಳಗಿನ ಗಾಳಿ ಬದಲಾಗಬಾರದು ಅನ್ನುವ ಮಿತಿ ಇದೆ, ಪಾಸಾದ ಮೇಲೆ ಗೋಡೆ ಕೊರೆದರೆ ಆ ಅಂಕಿ ನಿಮ್ಮ ಮನೆಯದ್ದಾಗಿ ಉಳಿಯಲ್ಲ.

ನಮ್ಮ ಹಳೇ ತೂತಿನ ಕೇಬಲ್ ಹೊರಕ್ಕೆ ಎಳೆದು, ಆ ತೂತನ್ನು ಪೂರ್ತಿ ಆಳಕ್ಕೂ ಗಾರೆಯಿಂದ ತುಂಬಿಸಿದೆವು. ಒಂದು ಗೇಣು ಪಕ್ಕದಲ್ಲಿ 8 ಮಿ.ಮೀ.ದು ಹೊಸದಾಗಿ ಕೊರೆದು, ಗ್ರೊಮೆಟ್ ಹಾಕಿ, ಪ್ಲೇಟ್ ಮುಚ್ಚಿದೆ. ಬೂದು ಗೆರೆ ಮತ್ತೆ ಬಂದಿಲ್ಲ.