ಹಳೇ ವಿಮಾನದ ರೆಕ್ಕೆಗೆ ಹೊಸ ರಿಬ್ ಹಾಕುವುದು ಹೇಗೆ?

ಟೈಗರ್ ಮಾತ್ ಅಂದರೆ ಎರಡು ಅಂತಸ್ತಿನ ರೆಕ್ಕೆಯ ಹಳೇ ತರಬೇತಿ ವಿಮಾನ. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯದು, ಮೊದಲು ಹಾರಿದ್ದು 1931ರಲ್ಲಿ. ಒಟ್ಟು ಎಂಟು ಸಾವಿರಕ್ಕೂ ಜಾಸ್ತಿ ತಯಾರಾದವು. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಪೈಲಟ್‌ಗಳು ಹಾರಾಟ ಕಲಿತದ್ದೂ ಇದರಲ್ಲೇ. ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಇವು ಇವತ್ತಿಗೂ ಹಾರುತ್ತಿವೆ. ನಮ್ಮ ವಾಯುಪಡೆಯ ಬಳಿಯೂ ಒಂದಿದೆ, 2012ರ ವಾಯುಪಡೆ ದಿನದಂದು ದೆಹಲಿ ಪಕ್ಕದ ಹಿಂಡನ್‌ನಲ್ಲಿ ಹಾರಿತ್ತು.

ಇದರ ಮೈ ಉಕ್ಕಿನ ಕೊಳವೆಗಳದ್ದು, ರೆಕ್ಕೆ ಮರದ್ದು, ಮೇಲೆ ಬಟ್ಟೆ. ರೆಕ್ಕೆಯ ಉದ್ದಕ್ಕೂ ಎರಡು ತೊಲೆಗಳಿರುತ್ತವೆ, ಅವೇ ಸ್ಪಾರ್. ಅವುಗಳಿಗೆ ಅಡ್ಡಲಾಗಿ, ದಾರಕ್ಕೆ ಮಣಿ ಪೋಣಿಸಿದ ಹಾಗೆ ಒಂದರ ಪಕ್ಕ ಒಂದು ಕೂತಿರುವ ತೆಳು ಚೌಕಟ್ಟುಗಳೇ ರಿಬ್. ಬಟ್ಟೆಯನ್ನು ಹೊಲಿಯುವುದು ರಿಬ್‌ಗೆ. ರೆಕ್ಕೆಗೆ ಆ ಉಬ್ಬು ಆಕಾರ ಬರುವುದೂ ರಿಬ್‌ನಿಂದ. ಒಂದು ರಿಬ್ ಕೈಯಲ್ಲಿ ಹಿಡಿದರೆ ಇಷ್ಟೇನಾ ಅನ್ನಿಸುವಷ್ಟು ಹಗುರ.

ಮರಗೆಲಸ ಬಲ್ಲವರಿಗೆ ರಿಬ್ ಮಾಡುವುದು ಅಂಥಾ ಕಷ್ಟವಲ್ಲ. ಅದನ್ನು ರೆಕ್ಕೆಯೊಳಗೆ ಕೂರಿಸುವುದೇ ತಲೆನೋವು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಕಾಗದದ ಕೆಲಸ. ಇದು ಮನೆ ಕಿಟಕಿ ರಿಪೇರಿ ಅಲ್ಲ. ಲೈಸೆನ್ಸ್ ಇರುವ ಎಂಜಿನಿಯರ್ ನೋಡಿ ಸಹಿ ಹಾಕದೆ ವಿಮಾನ ಹಾರುವಂತಿಲ್ಲ. ಹಾಗಾಗಿ ಗರಗಸ ಹಿಡಿಯುವ ಮೊದಲೇ ಅವರನ್ನು ಕರೆಯಿರಿ. ಮೂಲ ನಕ್ಷೆಯನ್ನೂ ದುರಸ್ತಿ ಕೈಪಿಡಿಯನ್ನೂ ತರಿಸಿಕೊಳ್ಳಿ. ಟೈಗರ್ ಮಾತ್ ಮಟ್ಟಿಗೆ ಅವುಗಳ ಜವಾಬ್ದಾರಿ ಇಂಗ್ಲೆಂಡಿನ ಡಕ್ಸ್‌ಫರ್ಡ್‌ನ ಡಿ ಹ್ಯಾವಿಲೆಂಡ್ ಸಪೋರ್ಟ್ ಸಂಸ್ಥೆಯದು. ಕೈಪಿಡಿ ಒಂದು ಹೇಳಿ ಈ ಲೇಖನ ಇನ್ನೊಂದು ಹೇಳಿದರೆ ಕೈಪಿಡಿಯ ಮಾತೇ ಕೇಳಿ.

ಬಟ್ಟೆ ಬಿಚ್ಚುವಾಗ

ರೆಕ್ಕೆಯನ್ನು ವಿಮಾನದಿಂದ ಇಳಿಸಿ, ಮೆತ್ತನೆ ಹೊದಿಕೆ ಹಾಕಿದ ಸ್ಟ್ಯಾಂಡ್ ಮೇಲೆ ಇಡಿ. ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಹೊಲಿಗೆ ಎಷ್ಟೆಷ್ಟು ದೂರಕ್ಕಿದೆ, ನೀರು ಬಸಿಯುವ ತೂತು ಎಲ್ಲಿದೆ, ತಪಾಸಣೆ ಕಿಂಡಿ ಎಲ್ಲಿದೆ, ಎಲ್ಲಾ ಬರೆದಿಟ್ಟುಕೊಳ್ಳಿ. ಆಮೇಲೆ ರಿಬ್‌ಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ ಬಟ್ಟೆ ಕೊಯ್ಯಿರಿ. ಬ್ಲೇಡು ರಿಬ್‌ನ ಅಂಚಿನ ಮರದ ಪಟ್ಟಿಗೆ ತಾಗಿ ಗೆರೆ ಬಿದ್ದರೆ ಚೆನ್ನಾಗಿದ್ದ ರಿಬ್ಬೂ ಹಾಳು. ಬಟ್ಟೆಯನ್ನು ಬಿಗಿ ಮಾಡಲು ಬಳಿಯುವ ಹಳೇ ಡೋಪ್, ಅದರಲ್ಲೂ ನೈಟ್ರೇಟ್ ಜಾತಿಯದು, ಭಗ್ ಅಂತ ಹತ್ತಿಕೊಳ್ಳುತ್ತದೆ. ಬಿಚ್ಚಿದ ಬಟ್ಟೆಯನ್ನು ಶೆಡ್ಡಿನೊಳಗೆ ರಾಶಿ ಹಾಕಬೇಡಿ.

ಈಗ ಟಾರ್ಚ್ ಹಿಡಿದು ಒಳಗೆ ನೋಡಿ. ಮುರಿದ ರಿಬ್ ಯಾರಿಗಾದರೂ ಕಾಣುತ್ತದೆ, ಕಾಣದೇ ಇರುವುದು ಅಂಟು ಬಿಟ್ಟ ರಿಬ್. ಆ ಕಾಲದ ಎಷ್ಟೋ ಮರದ ವಿಮಾನಗಳಿಗೆ ಕೇಸೀನ್ ಅಂಟು ಹಾಕುತ್ತಿದ್ದರು. ಅದು ಹಾಲಿನ ಪ್ರೋಟೀನ್‌ನಿಂದ ಮಾಡಿದ್ದು. ತೇವ ಸಿಕ್ಕರೆ ಬೂಸ್ಟು ಹಿಡಿದು ಸತ್ವ ಕಳೆದುಕೊಳ್ಳುತ್ತದೆ. ಆಮೇಲೆ 1930ರ ದಶಕದ ಕೊನೆಗೆ ಏರೋಲೈಟ್ ಅನ್ನುವ ಕೃತಕ ಅಂಟು ಬಂತು. ಅದು ಹುಟ್ಟಿದ್ದೂ ಡಕ್ಸ್‌ಫರ್ಡ್‌ನಲ್ಲೇ, ನಾರ್ಮನ್ ಡಿ ಬ್ರೂಯ್ನ್ ಅವರ ಕಂಪನಿಯಲ್ಲಿ. ಕೀಲು ಕೂಡುವ ಕಡೆ ಎರಡೂ ಬದಿಗೆ ಅಂಟಿಸಿದ ಪುಟ್ಟ ಪ್ಲೈವುಡ್ ತುಂಡುಗಳಿರುತ್ತವೆ, ಅವಕ್ಕೆ ಗಸೆಟ್ ಅನ್ನುತ್ತಾರೆ. ಒಂದು ತೆಳು ಉಕ್ಕಿನ ಪಟ್ಟಿಯನ್ನು ಅದರ ಅಂಚಿಗೆ ಮೆಲ್ಲಗೆ ತಾಗಿಸಿ. ಒಳಗೆ ನುಗ್ಗಿದರೆ ಆ ಕೀಲು ಹೋಯಿತು ಅಂತಲೇ ಲೆಕ್ಕ. ಮೊಳೆ ಸುತ್ತ ಕಪ್ಪು ಕಲೆ ಇದ್ದರೂ ಅನುಮಾನಪಡಿ.

ಸ್ಪಾರ್ ನೋಡುವುದನ್ನು ಮರೆಯಬೇಡಿ. ಟಾರ್ಚನ್ನು ಮರದ ಮೇಲ್ಮೈಗೆ ಸಮವಾಗಿ, ಓರೆ ಬೆಳಕು ಬೀಳುವಂತೆ ಹಿಡಿಯಿರಿ. ನಾರಿಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಮರ ಅದುಮಿಕೊಂಡು ಒಳಗೇ ಮುರಿದ ಗುರುತು. ಆಗ ರಿಬ್ ವಿಷಯ ಪಕ್ಕಕ್ಕಿಡಿ, ಸ್ಪಾರ್ ಗತಿ ಏನು ಅಂತ ಎಂಜಿನಿಯರ್ ತೀರ್ಮಾನಿಸಲಿ.

ಮರ ಯಾವುದು?

ಸಿಟ್ಕಾ ಸ್ಪ್ರೂಸ್. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮರ. ನಮ್ಮ ತೇಗ ಇನ್ನೂ ಗಟ್ಟಿ ಅಲ್ವಾ, ಅದನ್ನೇ ಹಾಕಿದರೆ ಏನು ಅಂತ ಕೇಳುವವರು ಇದ್ದೇ ಇರುತ್ತಾರೆ. ತೇಗ ಸುಮಾರು ಒಂದೂವರೆ ಪಟ್ಟು ಭಾರ, ಮೇಲಾಗಿ ಅದರೊಳಗಿನ ಎಣ್ಣೆಯಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸ್ಪ್ರೂಸ್‌ನಲ್ಲೂ ಸಿಕ್ಕಿದ್ದೆಲ್ಲಾ ನಡೆಯುವುದಿಲ್ಲ. ಒಂದು ಇಂಚಿಗೆ ಕನಿಷ್ಠ 6 ಬೆಳವಣಿಗೆ ಉಂಗುರ ಇರಬೇಕು. ನಾರು 15 ಇಂಚು ಉದ್ದಕ್ಕೆ 1 ಇಂಚಿಗಿಂತ ಜಾಸ್ತಿ ಓರೆ ಹೋಗಿರಬಾರದು. ತೇವಾಂಶ ಶೇ 8ರಿಂದ 12ರೊಳಗೆ ಇರಬೇಕು. ಮಳೆಗಾಲದಲ್ಲಿ ಮಂಗಳೂರಿನಂಥ ಊರಿನಲ್ಲಿ ಬಾಗಿಲು ತೆರೆದಿಟ್ಟ ಶೆಡ್ಡಿನಲ್ಲಿ ಇದು ಸಾಧ್ಯವೇ ಇಲ್ಲ ಬಿಡಿ, ಒಣ ಕೋಣೆ ಬೇಕು.

ಜಿಗ್ ಮತ್ತು ಅಂಟು

ದಪ್ಪ, ಸಪಾಟಾದ ಹಲಗೆ ಮೇಲೆ ರಿಬ್‌ನ ಆಕಾರ ಬರೆದು, ಗೆರೆಯ ಎರಡೂ ಬದಿಗೆ ಮರದ ಚಿಕ್ಕ ತುಂಡುಗಳನ್ನು ಬಡಿದರೆ ಜಿಗ್, ಅಂದರೆ ರಿಬ್ ಕಟ್ಟುವ ಅಚ್ಚು, ಆಯಿತು. ಆಕಾರವನ್ನು ನಕ್ಷೆಯಿಂದಲೇ ತೆಗೆದುಕೊಳ್ಳಿ. ಹಳೇ ರಿಬ್ ಇಟ್ಟು ಗೆರೆ ಎಳೆಯುವುದು ಸುಲಭ ನಿಜ, ಆದರೆ ಅಷ್ಟು ವರ್ಷ ಬಟ್ಟೆಯ ಬಿಗಿತ ತಡೆದುಕೊಂಡು ಅದು ಸೊಟ್ಟಗಾಗಿರುತ್ತದೆ, ನೀವು ಆ ಸೊಟ್ಟನ್ನೇ ನಕಲು ಮಾಡುತ್ತೀರಿ. ಎಲ್ಲ ರಿಬ್ಬೂ ಒಂದೇ ಥರ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಆಡುವ ಭಾಗ) ಇರುವ ಕಡೆಯದು ಬೇರೆ, ರೆಕ್ಕೆಯ ಬುಡದ್ದು ಬೇರೆ, ತುದಿಯದು ಬೇರೆ.

ಮೇಲಿನ ಪಟ್ಟಿ ಮೂಗಿನ ಕಡೆ, ಅಂದರೆ ರೆಕ್ಕೆಯ ಮುಂದಿನ ಅಂಚಿನ ಕಡೆ, ಚೆನ್ನಾಗಿ ಬಾಗಬೇಕು. ಅದನ್ನು ಬಿಸಿನೀರಲ್ಲಿ ನೆನೆಸಿ, ಜಿಗ್‌ನಲ್ಲಿ ಬಾಗಿಸಿ ಕ್ಲಾಂಪ್ ಹಾಕಿ. ಪೂರ್ತಿ ಒಣಗಿದ ಮೇಲೆಯೇ ಅಂಟು. ಆತುರ ಪಡಬೇಡಿ. ಜಿಗ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲದಿದ್ದರೆ ರಿಬ್ ಹಲಗೆಗೇ ಅಂಟಿಕೊಂಡು ಕೂರುತ್ತದೆ.

ಅಂಟಿನಲ್ಲಿ ಎರಡು ಪಂಗಡ. ರೆಸಾರ್ಸಿನಾಲ್ ಹಳೇ ಕೈಗಳಿಗೆ ಇಷ್ಟ. ನೀರಿಗೂ ಬಿಸಿಲಿಗೂ ಜಗ್ಗುವುದಿಲ್ಲ, ಆದರೆ ಕೀಲು ಸಂದಿಲ್ಲದೆ ಕೂಡಬೇಕು, ಜೋರಾಗಿ ಒತ್ತಿ ಹಿಡಿಯಬೇಕು, ಕೋಣೆ 21 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬಾರದು. ಟಿ-88ರಂಥ ಎಪಾಕ್ಸಿ ಇಷ್ಟು ಹಟ ಮಾಡುವುದಿಲ್ಲ. ಎರಡು ಭಾಗ ಸಮಸಮ ಕಲಸಿ ಹಚ್ಚಿದರೆ ಸಾಕು, ಸಣ್ಣ ಸಂದು ಇದ್ದರೂ ತುಂಬಿಕೊಳ್ಳುತ್ತದೆ. ಆದರೆ ಕಾದರೆ ಮೆತ್ತಗಾಗುವ ಗುಣ ಅದಕ್ಕಿದೆ, ಹಾಗಾಗಿ ಗಾಢ ಬಣ್ಣದ ರೆಕ್ಕೆಯನ್ನು ಬಿಸಿಲಲ್ಲಿ ನಿಲ್ಲಿಸುವವರು ಯೋಚಿಸಬೇಕು. ರಿಬ್‌ಗೆ ಎಪಾಕ್ಸಿ ಸಾಕು ಅನ್ನುವುದು ನನ್ನ ಅಭಿಪ್ರಾಯ, ಕೈಪಿಡಿ ಒಪ್ಪಿದರೆ. ಯಾವುದೇ ಹಾಕಿ, ಪ್ರತಿ ಸಲ ಕಲಸಿದಾಗಲೂ ಎರಡು ಚೂರು ಮರ ಅಂಟಿಸಿ ಪಕ್ಕಕ್ಕಿಡಿ. ಒಣಗಿದ ಮೇಲೆ ಮುರಿದು ನೋಡಿ. ಮರ ಸೀಳಬೇಕು. ಅಂಟಿನ ಗೆರೆಯೇ ಬಿಟ್ಟುಕೊಂಡರೆ ಆ ಸಲದ ರಿಬ್ ಒಲೆಗೆ.

ಕೂರಿಸುವುದು

ಈಗ ಬಂತು ತಲೆನೋವು. ರಿಬ್ ಸ್ಪಾರ್‌ಗೆ ಪೋಣಿಸಿಕೊಂಡಿದೆ. ತುದಿಯ ರಿಬ್ ಆದರೆ ರೆಕ್ಕೆಯ ತುದಿ ಬಿಚ್ಚಿ ಹೊರಕ್ಕೆ ಜಾರಿಸಬಹುದು. ನಡುವಿನದು? ಎರಡೂ ಕಡೆ ಲೋಹದ ಫಿಟ್ಟಿಂಗ್, ಅಡ್ಡ ಕೊಳವೆ, ರೆಕ್ಕೆಯನ್ನು ಬಿಗಿಹಿಡಿಯುವ ವೈರು. ಇಡೀ ರಿಬ್ ಅಲ್ಲಿಗೆ ಹೋಗುವುದೇ ಇಲ್ಲ. ಒಂದೋ ರೆಕ್ಕೆಯನ್ನು ಪೂರ್ತಿ ಬಿಚ್ಚಬೇಕು, ಇಲ್ಲವೇ ರಿಬ್ಬನ್ನು ಜಾಗದಲ್ಲೇ ಕಟ್ಟಬೇಕು: ಜಿಗ್‌ನಲ್ಲಿ ಬಾಗಿಸಿಟ್ಟ ಮೇಲಿನ ಪಟ್ಟಿ ಮೇಲಿಂದ, ಕೆಳಗಿನದು ಕೆಳಗಿಂದ, ನಡುವಿನ ಕಡ್ಡಿ ಮತ್ತು ಗಸೆಟ್ ಕೊನೆಗೆ. ಪಟ್ಟಿಯ ಒಂದು ತುಂಡು ಮಾತ್ರ ಹಾಳಾಗಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸತು ಸೇರಿಸಬಹುದು. ಸೇರಿಸುವ ಕಡೆ ಇಳಿಜಾರು 12ಕ್ಕೆ 1 ಇರಲಿ, ಅಂದರೆ 6 ಮಿ.ಮೀ. ದಪ್ಪದ ಪಟ್ಟಿಗೆ 72 ಮಿ.ಮೀ. ಉದ್ದದ ಓರೆ ಕೀಲು. ಮೇಲಿನ ಕೀಲು, ಕೆಳಗಿನ ಕೀಲು ಎದುರುಬದುರು ಬರದಂತೆ ನೋಡಿಕೊಳ್ಳಿ.

ಹಳೇ ರಿಬ್ ತೆಗೆಯುವ ಮೊದಲು ಪ್ರತಿ ಅಂಕಣದ (ಎರಡು ಸ್ಪಾರ್, ಎರಡು ಅಡ್ಡ ಕೊಳವೆಗಳ ನಡುವಿನ ಚೌಕದ) ಕರ್ಣಗಳನ್ನು, ಅಂದರೆ ಮೂಲೆಯಿಂದ ಮೂಲೆಗೆ, ಅಳೆದು ಬರೆದಿಡಿ. ಸ್ಪಾರ್‌ಗಳ ನಡುವೆ ಅಳತೆ ಕಡ್ಡಿ ಕೊಟ್ಟು ಕ್ಲಾಂಪ್ ಹಾಕಿ. ಒಮ್ಮೆಗೆ ಒಂದೇ ರಿಬ್ ತೆಗೆಯಿರಿ, ಅದನ್ನು ಹಾಕಿ ಮುಗಿಸಿದ ಮೇಲೆ ಮುಂದಿನದು. ಎಲ್ಲಾ ಕೆಟ್ಟ ರಿಬ್ಬನ್ನೂ ಒಟ್ಟಿಗೇ ಕಿತ್ತರೆ ಕೆಲಸ ಬೇಗ ಆಗುತ್ತದೆ ಅನ್ನಿಸುತ್ತದೆ, ಆದರೆ ಸ್ಪಾರ್ ಒಂದಿಷ್ಟು ತಿರುಚಿಕೊಂಡರೂ ಅದೇ ತಿರುಚು ಹೊಸ ಅಂಟಿನಲ್ಲಿ ಕಾಯಂ ಆಗಿಬಿಡುತ್ತದೆ. ಕಿತ್ತು ಎಳೆಯುವುದೂ ಬೇಡ. ಕಡ್ಡಿಗಳನ್ನು ಕತ್ತರಿಸಿ ಚೂರುಚೂರಾಗಿ ತೆಗೆಯಿರಿ, ಸ್ಪಾರ್ ಮೇಲೆ ಒಂದು ಗೀರೂ ಬೀಳಬಾರದು.

ಹೊಸದು ಕೂತ ಮೇಲೆ ಉದ್ದನೆಯ ನೇರ ಪಟ್ಟಿಯನ್ನು ನಾಲ್ಕೈದು ರಿಬ್‌ಗಳ ಮೇಲೆ ಅಡ್ಡ ಇಟ್ಟು ನೋಡಿ. ಒಂದು ರಿಬ್ 2 ಮಿ.ಮೀ. ಎತ್ತರ ಇದ್ದರೂ ಬಟ್ಟೆ ಹೊದಿಸಿದ ಮೇಲೆ ದೂರದಿಂದಲೇ ಕಾಣುತ್ತದೆ. ವೈರುಗಳನ್ನು ಬಿಗಿ ಮಾಡಿ, ಕರ್ಣಗಳನ್ನು ಮತ್ತೆ ಅಳೆಯಿರಿ. ಆಮೇಲೆ ಎಪಾಕ್ಸಿ ವಾರ್ನಿಷ್. ಸಾಮಾನ್ಯ ವಾರ್ನಿಷ್ ಬಳಿದರೆ ಡೋಪ್ ತಾಗಿದ ಕೂಡಲೇ ಕರಗಿ ಎದ್ದು ಬರುತ್ತದೆ.

ಬಟ್ಟೆ ಹೊದಿಸುವ ಮೊದಲು ಎಂಜಿನಿಯರ್ ಒಳಗೆಲ್ಲ ನೋಡಿ ಸಹಿ ಹಾಕಬೇಕು, ಮುಚ್ಚಿದ ಮೇಲೆ ಏನೂ ಕಾಣುವುದಿಲ್ಲವಲ್ಲ. ರಿಬ್‌ನಿಂದ ರಿಬ್‌ಗೆ ಹತ್ತಿ ಟೇಪು ಸುತ್ತಿ ಅವು ಅತ್ತಿತ್ತ ವಾಲದಂತೆ ಕಟ್ಟಿ. ಈಗ ಬಹಳ ಜನ ಹತ್ತಿ ಬಟ್ಟೆ ಬದಲು ಪಾಲಿಯೆಸ್ಟರ್ ಹಾಕಿ ಇಸ್ತ್ರಿ ಪೆಟ್ಟಿಗೆಯಿಂದ ಬಿಗಿ ಮಾಡುತ್ತಾರೆ. ಅದರ ಗರಿಷ್ಠ ಬಿಸಿ 177 ಡಿಗ್ರಿ ಸೆಲ್ಸಿಯಸ್, ಅದನ್ನೂ ಥರ್ಮಾಮೀಟರ್ ಇಟ್ಟು ಪರೀಕ್ಷಿಸಿ. ಪೆಟ್ಟಿಗೆಯ ಗುಂಡಿ ತೋರಿಸುವ ಅಂಕಿ ನಂಬುವಂಥದ್ದಲ್ಲ. ಒಂದು ಕಡೆ ಜಾಸ್ತಿ ಎಳೆದರೆ ನಿಮ್ಮ ಹೊಸ ರಿಬ್ ಬಟ್ಟೆಯೊಳಗೇ ಬಾಗುತ್ತದೆ.

ಜಿಗ್ಗನ್ನು ಎಸೆಯಬೇಡಿ, ಯಾವ ರಿಬ್‌ನದು ಅಂತ ಮೇಲೆ ಬರೆದಿಡಿ. ಟೈಗರ್ ಮಾತ್‌ಗೆ ನಾಲ್ಕು ರೆಕ್ಕೆ. ಒಂದರಲ್ಲಿ ಅಂಟು ಬಿಟ್ಟಿದ್ದರೆ ಮಿಕ್ಕ ಮೂರನ್ನೂ ಬಿಚ್ಚಿ ನೋಡುವುದೇ ಒಳ್ಳೆಯದು.