ಮಳೆ ಲೆಕ್ಕದ ಲೈಬ್ರರಿಯ ಫಂಕ್ಷನ್‌ಗಳಿಗೆ ಹೆಸರು ಹುಡುಕಿದ್ದು

ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದವರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡೋಕೆ ಗೆಳೆಯರು ಒಬ್ಬೊಬ್ಬರು ಒಂದೊಂದು ಸ್ಕ್ರಿಪ್ಟ್, ಅಂದರೆ ಪೈಥಾನ್ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಂ, ಇಟ್ಟುಕೊಂಡಿದ್ದರು. ಅವನ್ನೆಲ್ಲ ಸೇರಿಸಿ ಎಲ್ಲರೂ ಬಳಸುವಂಥ ಒಂದೇ ಕೋಡ್ ಸಂಗ್ರಹ, ಅಂದರೆ ಲೈಬ್ರರಿ, ಮಾಡುವ ಕೆಲಸ ನನಗೆ ಬಂತು. ಕೋಡಿಗಿಂತ ಜಾಸ್ತಿ ಹೊತ್ತು ಹಿಡಿದದ್ದು ಫಂಕ್ಷನ್‌ಗಳ, ಅಂದರೆ ಒಂದೊಂದು ಕೆಲಸ ಮಾಡುವ ಕೋಡಿನ ತುಂಡುಗಳ, ಹೆಸರು. ಹಿಡಿಯಲೇಬೇಕಿತ್ತು.

ಒಂದು ಸ್ಕ್ರಿಪ್ಟಿನಲ್ಲಿ ಕನ್ವರ್ಟ್(1.5) ಅಂತ ಇತ್ತು. ಏನನ್ನು ಏನಕ್ಕೆ? ತೋಟದ ಡೈರಿಯಲ್ಲಿ 1.5 ಅಂತ ಬರೆದಿದ್ದರೆ ಕೆಲವರಿಗೆ ಅದು ಒಂದೂವರೆ ಇಂಚು, ಇನ್ನು ಕೆಲವರಿಗೆ ಒಂದು ಇಂಚು ಐದು ಸೆಂಟು. ಮೊದಲನೆಯದು 38.1 ಮಿ.ಮೀ., ಎರಡನೆಯದು 26.67 ಮಿ.ಮೀ. ಕಾಫಿ ಹೂ ಅರಳಿಸುವ ಹೂಮಳೆ ಸಾಕಾಯಿತಾ, ಇಲ್ಲ ಸ್ಪ್ರಿಂಕ್ಲರ್ ಹಾಕಬೇಕಾ ಅಂತ ಯೋಚಿಸುವವರಿಗೆ ಇದು ದೊಡ್ಡ ವ್ಯತ್ಯಾಸ. ಹಾಗಾಗಿ ಎರಡು ಫಂಕ್ಷನ್ ಮಾಡಿದೆ: ಇಂಚಸ್_ಟು_ಎಂಎಂ(1.5), ಮತ್ತು ಇಂಚ್_ಸೆಂಟ್_ಟು_ಎಂಎಂ(1, 5). ಹೆಸರು ಉದ್ದ ಆಯಿತು, ಆಗಲಿ ಬಿಡಿ. ಕೋಡ್ ಬರೆಯುವ ಎಡಿಟರ್ ಹೆಸರನ್ನು ತಾನೇ ತುಂಬಿಸಿಕೊಡುತ್ತದೆ, ಆದರೆ ಅಳತೆ ಯಾವುದು ಅಂತ ಅದು ಊಹಿಸಿ ಹೇಳಲ್ಲ.

ನಾನು ಫಂಕ್ಷನ್ ಬರೆಯೋಕೆ ಮುಂಚೆ ಅದನ್ನು ಕರೆಯುವ, ಅಂದರೆ ಬಳಸುವ, ಸಾಲು ಬರೆಯುತ್ತೇನೆ. ಆ ಸಾಲನ್ನು ಫೋನಿನಲ್ಲಿ ಗೆಳೆಯರೊಬ್ಬರಿಗೆ ಓದಿ, ಇದು ಏನು ಮಾಡುತ್ತೆ ಹೇಳಿ ಅಂತ ಕೇಳುತ್ತೇನೆ. ರೇನ್_ಆನ್(ತಾರೀಖು) ಅಂತ ಓದಿದಾಗ ಅವರು, "ಯಾವ ದಿನದ್ದು ಮಾರಾಯ್ರೆ, ಅಳೆದ ದಿನದ್ದೋ ಬಿದ್ದ ದಿನದ್ದೋ?" ಅಂದರು. ಅದೇ ಸರಿಯಾದ ಪ್ರಶ್ನೆ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೆ ಹಾಕುತ್ತಾರೆ. ತೋಟದಲ್ಲಿ ಎಷ್ಟೋ ಜನ ಅದನ್ನೇ ನಿನ್ನೆಯ ತಾರೀಖಿನ ಎದುರು ಬರೆಯುತ್ತಾರೆ. ಕೊನೆಗೆ ರೇನ್_ಮೆಷರ್ಡ್_ಆನ್ ಅಂತ ಇಟ್ಟೆ. ನೋಡೋಕೆ ಅಷ್ಟೇನೂ ಚೆಂದ ಇಲ್ಲ, ಆದರೆ ಅನುಮಾನಕ್ಕೆ ಜಾಗ ಇಲ್ಲ.

ಹೆಸರುಗಳಲ್ಲಿ ಗೆಟ್ ಅನ್ನೋ ಪದವನ್ನು ಪೂರ್ತಿ ಬಿಟ್ಟೆ. ಗೆಟ್_ರೇನ್ ಅಂದರೆ ಫೈಲಿನಿಂದ ಓದುತ್ತದೋ, ನೆಟ್‌ನಿಂದ ತರುತ್ತದೋ, ಸುಮ್ನೆ ಕೂಡಿಸಿ ಕೊಡುತ್ತದೋ? ತೋಟದ ಒಳಗೆ ಸಿಗ್ನಲ್ ಸಿಗೋದೇ ಕಷ್ಟ, ಅಲ್ಲಿ ಇದು ಗೊತ್ತಿರಲೇಬೇಕು. ಫೈಲಿಗೆ ರೀಡ್, ನೆಟ್‌ಗೆ ಫೆಚ್, ಕೂಡಿಸೋದಕ್ಕೆ ಟೋಟಲ್. ಇಡೀ ಲೈಬ್ರರಿಯಲ್ಲಿ ಇವು ಬೇರೆ ಅರ್ಥದಲ್ಲಿ ಬರೋದಿಲ್ಲ.

ಕೊಟ್ಟ ಲಿಸ್ಟನ್ನೇ ಬದಲಿಸುವ ಫಂಕ್ಷನ್ ಯಾವುದು, ಹೊಸದು ಕೊಡುವುದು ಯಾವುದು ಅನ್ನೋದೂ ಹೆಸರಲ್ಲೇ ಕಾಣಬೇಕು. ಪೈಥಾನ್‌ನಲ್ಲಿ ಸಾರ್ಟ್ ಇದ್ದ ಲಿಸ್ಟನ್ನೇ ಜೋಡಿಸಿ ನನ್ (None, ಅಂದರೆ ಏನೂ ಇಲ್ಲ) ಕೊಡುತ್ತದೆ, ಸಾರ್ಟೆಡ್ ಹೊಸ ಲಿಸ್ಟ್ ಕೊಡುತ್ತದೆ. ನಾನೂ ಅದೇ ದಾರಿ ಹಿಡಿದೆ. ಜಾವಾಸ್ಕ್ರಿಪ್ಟ್ ಅನ್ನೋ ಇನ್ನೊಂದು ಭಾಷೆಯ ಸ್ಲೈಸ್ ಮತ್ತು ಸ್ಪ್ಲೈಸ್ ನೋಡಿ, ಒಂದು ಅಕ್ಷರದ ವ್ಯತ್ಯಾಸ, ಒಂದು ನಕಲು ಕೊಡುತ್ತದೆ, ಇನ್ನೊಂದು ಮೂಲವನ್ನೇ ಕತ್ತರಿಸುತ್ತದೆ. ಇಂಥ ಜೋಡಿ ನನ್ನ ಲೈಬ್ರರಿಗೆ ಬೇಡವೇ ಬೇಡ.

ಹಳೆ ಹೆಸರುಗಳನ್ನು ತಕ್ಷಣ ತೆಗೆಯಲಿಲ್ಲ. ಗೆಳೆಯರ ಸ್ಕ್ರಿಪ್ಟು ನಿಂತುಹೋಗಬಾರದು ಅಲ್ವಾ? ಹಳೆಯದು ಹೊಸದನ್ನೇ ಕರೆಯುತ್ತದೆ, ಜೊತೆಗೆ ಒಂದು ಎಚ್ಚರಿಕೆ ತೋರಿಸುತ್ತದೆ. ಪೈಥಾನ್‌ನಲ್ಲಿ ಇಂಥ ಎಚ್ಚರಿಕೆಗೆ ಎರಡು ಬಗೆ ಇವೆ, ಅದರಲ್ಲಿ ಡೆಪ್ರಿಕೇಶನ್‌ವಾರ್ನಿಂಗ್ ಬದಲು ಫ್ಯೂಚರ್‌ವಾರ್ನಿಂಗ್ ಬಳಸಿದೆ, ಯಾಕೆಂದರೆ ಮೊದಲನೆಯದನ್ನು ಪೈಥಾನ್ ಬಹುತೇಕ ಕಡೆ ತೋರಿಸದೆ ಮುಚ್ಚಿಡುತ್ತದೆ. ಕನ್ವರ್ಟ್‌ಗೆ ಮಾತ್ರ ಈ ರಿಯಾಯಿತಿ ಕೊಡಲಿಲ್ಲ. ಅದನ್ನು ಕರೆದರೆ ಎರರ್ ಬಂದು, ಎರಡು ಹೊಸ ಹೆಸರಲ್ಲಿ ಯಾವುದು ಬೇಕು ಅಂತ ಕೇಳುತ್ತದೆ.