ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಉಜ್ಜಲೂ ಬೇಕು

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ. ನಾವು ಬಳಸಲು ತುಂಬಿಟ್ಟ ತಿಳಿನೀರೇ ಅದಕ್ಕೆ ಇಷ್ಟ. ಹಗಲಲ್ಲೇ ಕಚ್ಚುತ್ತದೆ, ಜಾಸ್ತಿ ದೂರ ಹಾರುವುದಿಲ್ಲ. ಅಂದರೆ ನಿಮ್ಮನ್ನು ಕಚ್ಚಿದ್ದು ಹೆಚ್ಚಾಗಿ ನಿಮ್ಮ ಮನೆಯದ್ದೋ ಪಕ್ಕದ ಮನೆಯದ್ದೋ ಸೊಳ್ಳೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಲಾರ್ವಾ (ಸೊಳ್ಳೆಯ ಮರಿಹುಳು) ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮ ತಂದದ್ದು ಇದಕ್ಕೇ.

1. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಅಷ್ಟರೊಳಗೆ ಒಮ್ಮೆ ನೀರು ಖಾಲಿಯಾಗಲೇಬೇಕು.

2. ಡ್ರಮ್, ಹಂಡೆ, ತೊಟ್ಟಿಗಳನ್ನು ಬರಿದು ಮಾಡಿ ಒಳಗೋಡೆಯನ್ನು ಬ್ರಷ್ಷಿನಿಂದ ಗಟ್ಟಿಯಾಗಿ ಉಜ್ಜಿ. ಬಹಳ ಜನ ಬಿಡುವುದು ಇದನ್ನೇ. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಗೋಡೆಗೆ ಅಂಟಿಸಿ ಇಡುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತುಂಬಿದ ಕೂಡಲೇ ಮರಿಯಾಗುತ್ತವೆ. ಸುಮ್ನೆ ಚೆಲ್ಲಿ ತುಂಬಿದರೆ ಏನು ಬಂತು? ಉಜ್ಜಿ, ಬಿಸಿಲಿಗೆ ಒಣಗಿಸಿ, ತುಂಬಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಿ. ಖಾಲಿ ಮಾಡಲಾಗದ ಸಂಪ್‌ನ ಮುಚ್ಚಳ ಬಿಗಿಯಾಗಿರಲಿ. ತೆರೆದ ದೊಡ್ಡ ತೊಟ್ಟಿಗೆ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡಬಹುದು.

3. ಕಣ್ಣಿಗೆ ಬೀಳದ ಜಾಗ ಹುಡುಕಿ. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ತಟ್ಟೆ, ತಾರಸಿಯ ಹಳೇ ಟೈರು, ಎಳನೀರು ಚಿಪ್ಪು. ಮಲೆನಾಡು, ಕರಾವಳಿಯವರು ತೋಟವನ್ನೂ ನೋಡಬೇಕು: ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿಗೆ ಕಟ್ಟಿದ ಚಿಪ್ಪು. ಹಾಲು ತೆಗೆಯದ ದಿನಗಳಲ್ಲಿ ಚಿಪ್ಪು ಕವುಚಿಡಿ.

4. ಮಕ್ಕಳಿಗೆ ಹಗಲು ನಿದ್ದೆಗೂ ಸೊಳ್ಳೆಪರದೆ ಕಟ್ಟಿ. ಮನೆಯಲ್ಲಿ ಡೆಂಗಿ ಆದವರಿದ್ದರೆ ಜ್ವರ ಇರುವಷ್ಟು ದಿನ ಅವರನ್ನೂ ಪರದೆಯೊಳಗೇ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಬೇರೆಯವರಿಗೆ ವೈರಸ್ ದಾಟಿಸುವುದು.

ಫಾಗಿಂಗ್ ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಡ್ರಮ್ಮಿನೊಳಗಿನ ಹುಳುವನ್ನಲ್ಲ. ಗಾಡಿ ಬರಲಿಲ್ಲ ಎಂದು ಬೈಯುತ್ತಾ ಕೂರಬೇಡಿ.

5. ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂದರೆ ವೈದ್ಯರ ಬಳಿ ಹೋಗಿ. ಮೊದಲ ಐದು ದಿನದೊಳಗೆ, ಡೆಂಗಿ ಇದೆಯೇ ಎಂದು ನೋಡುವ ಎನ್‌ಎಸ್1 ರಕ್ತಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಬಹುದು. ನೀರು, ಗಂಜಿ, ಎಳನೀರು, ಓಆರ್‌ಎಸ್ ಕುಡಿಸುತ್ತಿರಿ. ಪಪ್ಪಾಯಿ ಎಲೆ ರಸ ನಂಬಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ.

6. ಜ್ವರ ಇಳಿಯಿತು ಎಂದು ನಿರಾಳವಾಗಬೇಡಿ. ಅಪಾಯ ಶುರುವಾಗುವುದು ಹೆಚ್ಚಾಗಿ ಆಗಲೇ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕಪ್ಪು ಮಲ, ಮಂಕು, ಮೂತ್ರ ಕಡಿಮೆ, ಇದರಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.